ಓಟದಲ್ಲಿ ಕೊನೆ, ಖೊ-ಖೊದಲ್ಲಿ ಕೊನೆಯವರೆಗೆ

ಕೇಳುಗರಿಗೆ ನಮಸ್ಕಾರ.

ದೈಹಿಕ ಶಿಕ್ಷಕರನ್ನು ನಮ್ಮಲ್ಲಿ ಇಂದಿಗೂ ‘ಪಿ.ಟಿ. ಮೇಷ್ಟ್ರು’ ಎಂದೇ ಕರೆಯುತ್ತಾರೆ. ನನ್ನನ್ನೂ ಹಾಗೇ ಕರೆದರು. ಪ್ರೀತಿಯ ಹೆಸರೇ. ಆದರೆ ಪಿ.ಟಿ. ಅಂದರೆ ದೈಹಿಕ ತರಬೇತಿ. ಸಾವಧಾನ್, ವಿಶ್ರಾಮ್, ಎಲ್ಲರೂ ಒಟ್ಟಿಗೆ ಕೈ ಎತ್ತಿ, ಇಳಿಸಿ. ದೈಹಿಕ ಶಿಕ್ಷಣ ಇನ್ನೂ ದೊಡ್ಡದು: ಅದರಲ್ಲಿ ಮಗು ತನ್ನ ಮೈಯನ್ನು ತಾನೇ ಅರಿಯಬೇಕು. ಅದಕ್ಕೆ ಮೈಯ ಒಂದೊಂದು ಗುಣಕ್ಕೂ ಹೆಸರು ಬೇಕು. ನಾವೋ, ‘ಇವನು ಗಟ್ಟಿ, ಅವಳು ಮೆದು’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಆ ಮಾತು ಕೇಳಿ ಆಟದ ಬಯಲು ಬಿಟ್ಟು ಮರದ ನೆರಳಿಗೆ ಹೋಗಿ ಕೂತ ಮಕ್ಕಳೆಷ್ಟೋ!

ಏಳನೇ ತರಗತಿಯ ಒಬ್ಬ ಹುಡುಗಿ ನೂರು ಮೀಟರ್ ಓಟದಲ್ಲಿ ಯಾವಾಗಲೂ ಕೊನೆ. ಒಂದು ದಿನ ಖೊ-ಖೊಗೆ ಒಬ್ಬರು ಕಡಿಮೆ ಬಿದ್ದರು, ಅವಳನ್ನು ಕರೆದೆ. ಆಟ ನಿಮಗೆ ಗೊತ್ತು. ಎರಡು ಕಂಬಗಳ ನಡುವೆ ಎಂಟು ಜನ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಕೂತಿರುತ್ತಾರೆ. ಒಂಬತ್ತನೆಯವರು ಅಟ್ಟಿಸಿಕೊಂಡು ಹೋಗಬೇಕು. ಅವರು ಕೂತವರ ನಡುವೆ ನುಸುಳುವಂತಿಲ್ಲ, ಹಿಡಿದ ದಿಕ್ಕನ್ನೂ ಬದಲಿಸುವಂತಿಲ್ಲ. ಓಡುವವರಿಗೆ ಆ ಕಟ್ಟು ಇಲ್ಲ.

ಓಟದಲ್ಲಿ ಮೊದಲು ಬರುತ್ತಿದ್ದ ಹುಡುಗಿ ಆವತ್ತು ಎಲ್ಲರಿಗಿಂತ ಮೊದಲು ಔಟ್ ಆದಳು. ಜೋರಾಗಿ ಓಡಿದವಳಿಗೆ ತಿರುಗಲು ಆಗಲಿಲ್ಲ. ಕೊನೆಯವಳು ಮಾತ್ರ ಸಿಗಲೇ ಇಲ್ಲ! ಕೂತವರ ಬೆನ್ನಿಗೆ ತಾಗಿಕೊಂಡಂತೆ, ಮಂಡಿ ಸ್ವಲ್ಪ ಬಗ್ಗಿಸಿ, ಹಿಮ್ಮಡಿ ಊರದೆ ಓಡುತ್ತಿದ್ದಳು. ಕೈ ಇನ್ನೇನು ಬೆನ್ನಿಗೆ ತಾಕಿತು ಅನ್ನುವಾಗ ಒಂದು ಭುಜ ಇಳಿಸುತ್ತಿದ್ದಳು; ಮರುಗಳಿಗೆಗೆ ಸಾಲಿನ ಆಚೆ.

ನೇರ ದಾರಿಯನ್ನು ಕಡಿಮೆ ಸಮಯದಲ್ಲಿ ಮುಗಿಸುವುದು ವೇಗ. ಆಯ ತಪ್ಪದೆ ಥಟ್ಟನೆ ದಿಕ್ಕು ಬದಲಿಸುವುದು ಚುರುಕುತನ. ಎರಡೂ ಬೇರೆ ಬೇರೆ ಎಂದು ಆ ಮಗುವಿಗೆ ಆವತ್ತೇ ಹೇಳಿದೆ. ಮೊದಲೇ ಹೇಳಬೇಕಿತ್ತು.

ಅದೇ ಆಟದಲ್ಲಿ ಉಳಿದ ಪದಗಳೂ ಸಿಗುತ್ತವೆ. ‘ಖೊ’ ಎಂದು ಕಿವಿಗೆ ಬಿದ್ದು ಮೈ ಕದಲುವವರೆಗಿನ ಸಮಯ ಪ್ರತಿಕ್ರಿಯಾ ಕಾಲ. ಕುಕ್ಕರಗಾಲಿನಿಂದ ಚಿಮ್ಮಿ ಏಳುವುದು ಸ್ಫೋಟಕ ಬಲ. ಭಾರ ಎತ್ತುವ ಬಲಕ್ಕಿಂತ ಇದು ಬೇರೆ, ಇಲ್ಲಿ ಬಲಕ್ಕೆ ವೇಗವೂ ಸೇರಿದೆ. ಡೈವ್ ಹೊಡೆದು ಹಿಮ್ಮಡಿ ಮುಟ್ಟುವಾಗ ಕೀಲುಗಳು ಪೂರ್ತಿ ಚಾಚಿಕೊಳ್ಳುವುದು ನಮ್ಯತೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೊ-ಖೊ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿ ನಮ್ಮ ಮೈಸೂರು ಜಿಲ್ಲೆಯ ಚೈತ್ರಾ ಇದ್ದರು. ಆ ಪಂದ್ಯಗಳ ವಿಡಿಯೊ ಮಕ್ಕಳಿಗೆ ತೋರಿಸಿ, ಎಲ್ಲಿ ಯಾವ ಗುಣ ಕಾಣುತ್ತದೆ ಎಂದು ಕೇಳಿ. ಪುಸ್ತಕದ ವ್ಯಾಖ್ಯೆಗಿಂತ ಬೇಗ ತಲೆಗೆ ಹತ್ತುತ್ತದೆ.

ಇನ್ನೊಂದು ಗುಣ ತಾಳಿಕೆ. ಹೃದಯ, ಶ್ವಾಸಕೋಶ ದಣಿಯದೆ ಬಹಳ ಹೊತ್ತು ದುಡಿಯುವ ಗುಣ ಅದು. ಇದನ್ನು ನೀವು ಮನೆಯಲ್ಲೇ ನೋಡಬಹುದು. ಎರಡು ಬೆರಳನ್ನು ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ ಇಡಿ, ನಾಡಿಮಿಡಿತ ಸಿಗುತ್ತದೆ. ಹೆಬ್ಬೆರಳಿನಿಂದ ಎಣಿಸಬೇಡಿ, ಅದಕ್ಕೆ ತನ್ನದೇ ಮಿಡಿತವಿದೆ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ಸುಮ್ಮನೆ ಕೂತ ದೊಡ್ಡವರಿಗೆ ನಿಮಿಷಕ್ಕೆ 60ರಿಂದ 100 ಬರುತ್ತದೆ. ಆಮೇಲೆ ಮೂರು ನಿಮಿಷ ಬಿರುಸಾಗಿ ನಡೆದು ಬಂದು ಎಣಿಸಿ. ಒಂದು ನಿಮಿಷ ಬಿಟ್ಟು ಮತ್ತೆ ಎಣಿಸಿ. ಎಷ್ಟು ಇಳಿಯಿತು ಎಂದು ಬರೆದಿಟ್ಟುಕೊಳ್ಳಿ. ತಾಳಿಕೆ ಹೆಚ್ಚಿದಂತೆ ಮಿಡಿತ ಬೇಗ ಇಳಿಯುತ್ತದೆ. ದಿನಾ ನಡೆಯಿರಿ, ಎರಡು ತಿಂಗಳು ಬಿಟ್ಟು ಆ ಚೀಟಿ ತೆಗೆದು ಹೋಲಿಸಿ.

ನಮಸ್ಕಾರ.