73ರ ರೇಸ್ ಕ್ರಿಸ್ಪ್‌ದೇ, ಆದ್ರೂ ನನ್ ಓಟು ರೆಡ್ ರಮ್‌ಗೆ

ಒಂದ್ ವಿಷ್ಯ ಮೊದ್ಲೇ ಒಪ್ಕೊಂಡ್ಬಿಡ್ತೀನಿ. 1973ರ ಗ್ರಾಂಡ್ ನ್ಯಾಷನಲ್ ಕುದುರೆ ರೇಸ್ ವಿಡಿಯೋ ನೋಡಿದಾಗೆಲ್ಲ ನಂಗೆ ಕರುಳು ಚುರ್ ಅನ್ನತ್ತೆ, ಗೆದ್ದ ರೆಡ್ ರಮ್‌ಗಲ್ಲ, ಸೋತ ಕ್ರಿಸ್ಪ್‌ಗೆ.

ಗೊತ್ತಿಲ್ದೇ ಇರೋರಿಗೆ ಸ್ವಲ್ಪ ಹೇಳ್ಬಿಡ್ತೀನಿ. ನಮ್ ಬೆಂಗಳೂರು ರೇಸ್ ಕೋರ್ಸಲ್ಲಿ ಆಗೋದು ಫ್ಲಾಟ್ ರೇಸ್, ಸಪಾಟು ನೆಲ, ಒಂದೆರಡು ನಿಮಿಷದಲ್ಲಿ ಮುಗ್ದೋಯ್ತು. ಇದು ಹಂಗಲ್ಲ. ಇಂಗ್ಲೆಂಡಿನ ಲಿವರ್‌ಪೂಲ್ ಹತ್ರ ಏಂಟ್ರಿ ಅಂತ ಒಂದ್ ರೇಸ್ ಕೋರ್ಸ್, ಅಲ್ಲಿ ಸುಮಾರು ಏಳು ಕಿಲೋಮೀಟರ್, 30 ಬೇಲಿ, ಅದೂ ನಮ್ ತೋಟದ ಬೇಲಿ ಥರ ಅಲ್ಲ, ಆಳೆತ್ತರದ ಹತ್ರ ಇರೋವು, ಬೀಚರ್ಸ್ ಬ್ರೂಕ್ ಅಂತ ಒಂದಿದೆ, ಹಾರೋ ಕಡೆಗಿಂತ ಇಳಿಯೋ ಕಡೆ ನೆಲ ತಗ್ಗು, ಅಂದ್ರೆ ಕುದುರೆ ಹಾರಿ ಕೆಳಗ್ ಬರೋವಾಗ ಕಾಲಿಗೆ ನೆಲ ಸಿಗ್ಬೇಕಾದ್ ಟೈಮಲ್ಲಿ ಸಿಗಲ್ಲ. ಎಷ್ಟೋ ಕುದುರೆ ಬಿದ್ದಿವೆ, ಸತ್ತೂ ಇವೆ. ಅದ್ರ ಬಗ್ಗೆ ನಂಗೆ ಸಮಾಧಾನ ಇಲ್ಲ, ಆ ಜಗಳ ಇನ್ನೊಂದು ಎಪಿಸೋಡ್‌ಗೆ ಇಟ್ಕೊಳೋಣ.

73ರಲ್ಲಿ ಆಗಿದ್ದೇನು ಅಂದ್ರೆ, ಕ್ರಿಸ್ಪ್ ಅಂತ ಆಸ್ಟ್ರೇಲಿಯಾದಿಂದ ಬಂದ ದೈತ್ಯ ಕುದುರೆ, ಶುರುವಲ್ಲೇ ಎಲ್ರನ್ನೂ ಬಿಟ್ಟು ಮುಂದೆ ಹೋಗಿ ಕೊನೇ ಬೇಲಿ ದಾಟೋವರ್ಗೂ ಒಂಟಿಯಾಗೇ ಓಡ್ತಿತ್ತು. ಹಿಂದೆ ಒಂದೇ ಒಂದು ಕುದುರೆ, ಅದೂ ಹದಿನೈದು ಕುದುರೆ ಉದ್ದದಷ್ಟು ದೂರ. ಆಮೇಲೆ ಕ್ರಿಸ್ಪ್ ಕಾಲು ಸೋತೋಯ್ತು, ಕುಡ್ದೋರ ಥರ ಅತ್ತಿತ್ತ ವಾಲಾಡೋಕ್ ಶುರುವಾಯ್ತು, ಗೆರೆಗೆ ಎರಡೇ ಹೆಜ್ಜೆ ಬಾಕಿ ಇದ್ದಾಗ ರೆಡ್ ರಮ್ ಮುಂದೆ ಬಂತು. ಮುಕ್ಕಾಲು ಲೆಂತ್ (ಒಂದ್ ಲೆಂತ್ ಅಂದ್ರೆ ಒಂದ್ ಕುದುರೆ ಉದ್ದ) ಅಂತರ. ಟೈಮ್ 9 ನಿಮಿಷ 1.9 ಸೆಕೆಂಡ್, ಹಳೇ ರೆಕಾರ್ಡ್ ಪುಡಿಪುಡಿ, ಆ ಟೈಮ್ ಮುರಿಯೋಕೆ 1990 ಬರ್ಬೇಕಾಯ್ತು.

ಈಗ ಕ್ರಿಸ್ಪ್ ಫ್ಯಾನ್ಸ್ ವಾದ ಏನಂದ್ರೆ, ಇದು ಗೆಲುವಲ್ಲ, ತೂಕದ ಆಟ ಅಂತ. ಮಾತಲ್ಲಿ ಹುರುಳಿದೆ. ಇದು ಹ್ಯಾಂಡಿಕ್ಯಾಪ್ ರೇಸು, ಚೆನ್ನಾಗ್ ಓಡೋ ಕುದುರೆಗೇ ಮೂಟೆ ಜಾಸ್ತಿ. ಕ್ರಿಸ್ಪ್ ಮೇಲೆ 12 ಸ್ಟೋನ್, ಅಂದ್ರೆ ಜಾಕಿ, ಜೀನು ಎಲ್ಲ ಸೇರಿ 76 ಕೆಜಿ. ರೆಡ್ ರಮ್ ಮೇಲೆ ಅದಕ್ಕಿಂತ 23 ಪೌಂಡ್ ಕಮ್ಮಿ. ಹತ್ತು ಕೆಜಿ ಅಕ್ಕಿ ಚೀಲ ಬೆನ್ ಮೇಲೆ ಎಕ್ಸ್‌ಟ್ರಾ ಹೊತ್ಕೊಂಡು ಏಳು ಕಿಲೋಮೀಟರ್ ಓಡಿ ನೋಡಿ. ಅದೇ ವರ್ಷ ಡಾಂಕಾಸ್ಟರಲ್ಲಿ ಇಬ್ರೂ ಸಮ ತೂಕ ಹೊತ್ತು ಮತ್ತೆ ಎದುರಾದ್ರು, ಕ್ರಿಸ್ಪ್ ಆರಾಮಾಗ್ ಗೆಲ್ತು. ಹಂಗಾಗಿ ಆ ಒಂದ್ ದಿನದ ಲೆಕ್ಕದಲ್ಲಿ ದೊಡ್ ಕುದುರೆ ಯಾವ್ದು ಅಂದ್ರೆ ಕ್ರಿಸ್ಪ್, ನಾನೂ ಸೈನ್ ಹಾಕ್ತೀನಿ.

ಆದ್ರೆ ನನ್ ತಕರಾರು ಇರೋದು ಜನ ಅಲ್ಲಿಗೇ ಟಿವಿ ಆಫ್ ಮಾಡ್ಬಿಡ್ತಾರಲ್ಲ, ಅದಕ್ಕೆ. ಮುಂದಿನ್ ವರ್ಷ, 1974, ಆ 12 ಸ್ಟೋನ್ ಮೂಟೆ ಯಾರ್ ಬೆನ್ನಿಗ್ ಬಂತು? ರೆಡ್ ರಮ್‌ಗೇ. ಗೆಲ್ತು. ಕ್ರಿಸ್ಪ್ ಕೈಲಿ ಯಾವ್ ತೂಕದಲ್ಲಿ ಆಗ್ಲಿಲ್ವೋ ಅದೇ ತೂಕ ಸ್ವಾಮಿ! ಸಾಲ್ದು ಅಂತ ಮೂರೇ ವಾರಕ್ಕೆ ಏರ್ ಅನ್ನೋ ಊರಲ್ಲಿ ಸ್ಕಾಟಿಷ್ ಗ್ರಾಂಡ್ ನ್ಯಾಷನಲ್ಲೂ ಹೊಡ್ಕೊಂಡ್ ಬಂತು. 75ರಲ್ಲಿ ನೆಲ ಮೆತ್ತಗಿತ್ತು, ರೆಡ್ ರಮ್‌ಗೆ ಕೆಸರು ಆಗಿಬರ್ತಿರ್ಲಿಲ್ಲ, ಆದ್ರೂ ಸೆಕೆಂಡ್, ಸೋಲಿಸಿದ್ದು ಲೆಸ್ಕಾರ್ಗೋ (ಫ್ರೆಂಚಲ್ಲಿ ಬಸವನಹುಳು ಅಂತೆ ಅರ್ಥ, ರೇಸ್ ಕುದುರೆಗೆ ಈ ಹೆಸರಿಟ್ಟೋರಿಗೆ ದೊಡ್ ನಮಸ್ಕಾರ). 76ರಲ್ಲಿ ಮತ್ತೆ ಸೆಕೆಂಡ್. ಇಷ್ಟೊತ್ತಿಗೆ ಎಲ್ರೂ ವಯಸ್ಸಾಯ್ತು ಬಿಡ್ರಪ್ಪ ಅಂತಿದ್ರೆ, 77ರಲ್ಲಿ, ಹನ್ನೆರಡ್ನೇ ವಯಸ್ಸಲ್ಲಿ, 25 ಲೆಂತ್‌ನಿಂದ ಗೆಲ್ತು. ಐದ್ ವರ್ಷ ಅದೇ ಬೇಲಿಗಳು, ಮೂರ್ ಫಸ್ಟು ಎರಡ್ ಸೆಕೆಂಡು, ಮೂರ್ ಸಲ ಗೆದ್ದಿರೋ ಕುದುರೆ ಇವತ್ತಿಗೂ ಇನ್ನೊಂದಿಲ್ಲ.

ಮತ್ತೆ ಇದೇನು ರಾಜಮನೆತನದ ಲಾಯದಲ್ಲಿ ಹುಟ್ಟಿ ಬೆಳೆದಿದ್ದಲ್ಲ. ತಾಯಿ ಮೇರೆಡ್, ತಂದೆ ಕ್ವೋರಮ್, ಎರಡು ಹೆಸರಿನ ಬಾಲ ಕತ್ತರಿಸಿ ಅಂಟಿಸಿದ್ರೆ ರೆಡ್ ರಮ್. ಐರ್ಲೆಂಡಲ್ಲಿ ಹುಟ್ಟಿ, ಸಣ್ ಸಣ್ ಫ್ಲಾಟ್ ರೇಸಿಗೆ ಅಂತ ಬೆಳೆಸಿ, 400 ಗಿನಿಗೆ (ಹಳೇ ಬ್ರಿಟಿಷ್ ದುಡ್ಡಿನ ಲೆಕ್ಕ) ಮಾರಿದ್ದು. ಕೈಯಿಂದ ಕೈಗೆ ದಾಟಿ 1972ರಲ್ಲಿ 6,000 ಗಿನಿಗೆ ಜಿಂಜರ್ ಮೆಕೇನ್ ಅನ್ನೋ ಟ್ರೈನರ್ ಕೈಗ್ ಬಂತು. ಈ ಮೆಕೇನ್ ಯಾರು? ಸಮುದ್ರ ತೀರದ ಸೌತ್‌ಪೋರ್ಟ್ ಅನ್ನೋ ಊರಲ್ಲಿ ಟ್ಯಾಕ್ಸಿ ಓಡಿಸ್ತಿದ್ದೋರು, ಸೆಕೆಂಡ್ ಹ್ಯಾಂಡ್ ಕಾರ್ ಶೋರೂಮಿನ ಹಿಂದುಗಡೆ ಲಾಯ ಇಟ್ಕೊಂಡಿದ್ರು. ಕುದುರೆಗೆ ದುಡ್ಡು ಹಾಕಿದ ನೋಯಲ್ ಲೆ ಮೇರ್ ಅವ್ರ ಟ್ಯಾಕ್ಸಿ ಗಿರಾಕಿ, ಎಂಬತ್ತು ದಾಟಿದ ಅಜ್ಜ. ಕೊಂಡ್ಕೊಂಡ್ ಬಂದ್ಮೇಲೆ ನೋಡಿದ್ರೆ ಕುದುರೆ ಕುಂಟ್ತಿದೆ, ಗೊರಸಿನೊಳಗಿನ ಮೂಳೆಗೇ ಕಾಯಿಲೆ. ನಾವಾಗಿದ್ರೆ ಬ್ರೋಕರ್ ಮನೆ ಮುಂದೆ ಗಲಾಟೆ ಮಾಡ್ತಿದ್ವಿ. ಮೆಕೇನ್ ಸೀದಾ ಸಮುದ್ರಕ್ಕೆ ಇಳಿಸಿದ್ರು, ಗಾಡಿ ಎಳೆಯೋ ಕುದುರೆಗಳ ಕಾಲು ಉಪ್ಪುನೀರಲ್ಲಿ ಸರಿಹೋಗಿದ್ದು ನೋಡಿದ್ರಂತೆ. ಅಲ್ಲಿಂದ ಬೀಚ್ ಮರಳೇ ಅದ್ರ ಪ್ರಾಕ್ಟೀಸ್ ಗ್ರೌಂಡು.

ಸಮುದ್ರದ ಪವಾಡ ಅಂತ ಎಲ್ಲ ಹೇಳ್ತಾರೆ, ನಂಗೆ ಅದಕ್ಕಿಂತ ದೊಡ್ದು ಅನ್ಸೋದು ಬೇರೆ. ಬೇಲಿ ಹಾರೋ ರೇಸು ನೂರು ಓಡಿದೆ, ಒಂದ್ಸಲನೂ ಬಿದ್ದಿಲ್ಲ. ಇದನ್ನ ಅದೃಷ್ಟ ಅಂತ ಹೆಂಗ್ರೀ ಅಂತೀರಾ? ಪ್ರತೀ ಬೇಲಿ ಮುಂದೆ ಹೆಜ್ಜೆ ಲೆಕ್ಕ ಹಾಕ್ಬೇಕು, ಪಕ್ಕದಲ್ಲಿ ಬಿದ್ದಿರೋ ಕುದುರೇನ ತಪ್ಪಿಸ್ಬೇಕು, ಮೇಲಿರೋ ಜಾಕಿ ಎಷ್ಟೇ ಬುದ್ಧಿವಂತ ಆಗಿದ್ರೂ ಆ ಕ್ಷಣಕ್ಕೆ ತಲೆ ಓಡಿಸ್ಬೇಕಾದ್ದು ಕುದುರೇನೇ. ಆರ್ಕಲ್ (ಅರವತ್ತರ ದಶಕದ ಐರಿಷ್ ರೇಸ್ ಕುದುರೆ) ಇದಕ್ಕಿಂತ ಶ್ರೇಷ್ಠ ಅಂತೀರಾ, ಹೌದು, ಕ್ಲಾಸಲ್ಲಿ ಆರ್ಕಲ್ ಮುಂದೆ ಇದು ಏನೂ ಅಲ್ಲ. ಆದ್ರೆ ಏಂಟ್ರಿಯಲ್ಲಿ ಐದ್ ಸಲ ಇಳಿದು ಐದೂ ಸಲ ಮೊದಲ್ನೇ ಎರಡರೊಳಗೆ ಬಾ ಅಂದ್ರೆ ನಾನು ದುಡ್ ಕಟ್ಟೋದು ಇದ್ರ ಮೇಲೇನೇ.

78ಕ್ಕೂ ರೆಡಿ ಇತ್ತು, ರೇಸಿನ ಹಿಂದಿನ್ ದಿನ ಕಾಲಿನ ಮೂಳೇಲಿ ಸಣ್ ಬಿರುಕು ಅಂತ ರಿಟೈರ್ ಮಾಡಿದ್ರು. ಆಮೇಲೆ ಸೂಪರ್‌ಮಾರ್ಕೆಟ್ ಉದ್ಘಾಟನೆ, ಮೆರವಣಿಗೆ, ಥೇಟ್ ನಮ್ ಸಿನಿಮಾ ಸ್ಟಾರ್ ಥರ. 1995ರಲ್ಲಿ, ಮೂವತ್ತನೇ ವಯಸ್ಸಲ್ಲಿ ಹೋಯ್ತು, ಏಂಟ್ರಿ ಗೆರೆ ಪಕ್ಕದಲ್ಲೇ ಮಣ್ ಮಾಡಿದಾರೆ.

73ರ ವಿಡಿಯೋ ನೆಟ್ಟಲ್ಲಿದೆ, ಬರೀ ಒಂಬತ್ ನಿಮಿಷ. ಒಂದ್ಸಲ ಕ್ರಿಸ್ಪ್‌ನ ನೋಡ್ಕೊಂಡು ಅತ್ಬಿಡಿ. ಆಮೇಲೆ ಇನ್ನೊಂದ್ಸಲ ಹಾಕಿ, ಕ್ರಿಸ್ಪ್ ಕಡೆ ತಿರುಗಿಯೂ ನೋಡ್ಬೇಡಿ, ಹಿಂದೆ ಬರ್ತಿರೋ ಕುದುರೆ ಬೇಲಿ ಹೆಂಗ್ ಹಾರತ್ತೆ ಅಂತ ಮಾತ್ರ ನೋಡಿ, ಆಮೇಲೆ ಬನ್ನಿ ಕಾಮೆಂಟಿಗೆ, ಜಗಳ ಆಡೋಣ.