ಟ್ರ್ಯಾಕ್ಟರ್ ಕಟ್ಟಿದವರು ಕಾರು ಕಟ್ಟಿದ ಕತೆ

ಕೇಳುಗರಿಗೆಲ್ಲ ನಮಸ್ಕಾರ.

ಲ್ಯಾಂಬೋರ್ಗಿನಿ ಅಂದ ಕೂಡಲೇ ನೆಲಕ್ಕೆ ಅಂಟಿಕೊಂಡಂತಿರುವ, ಬಾಗಿಲು ಮೇಲಕ್ಕೆ ಏಳುವ, ಕೋಟಿಗಟ್ಟಲೆ ಬೆಲೆಯ ಕಾರು ನೆನಪಾಗುತ್ತದೆ, ಅಲ್ವಾ? ಆದರೆ ಈ ಹೆಸರು ಮೊದಲು ಓಡಾಡಿದ್ದು ಉತ್ತರ ಇಟಲಿಯ ಹೊಲಗಳಲ್ಲಿ, ಟ್ರ್ಯಾಕ್ಟರ್ ಮೇಲೆ. ಆ ಟ್ರ್ಯಾಕ್ಟರ್ ಕಟ್ಟಿದವರ ಬುದ್ಧಿಯೇ ಕಾರನ್ನೂ ಕಟ್ಟಿತು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಫೆರುಚ್ಚೊ ಲ್ಯಾಂಬೋರ್ಗಿನಿ ಹುಟ್ಟಿದ್ದು 1916ರಲ್ಲಿ, ಚೆಂಟೊ ಊರಿನ ಹತ್ತಿರದ ರೆನಾಟ್ಸೊ ಎಂಬ ಹಳ್ಳಿಯಲ್ಲಿ. ಬೇಸಾಯದ ಮನೆತನ. ಹುಡುಗನ ಕಣ್ಣು ಮಾತ್ರ ಯಂತ್ರಗಳ ಮೇಲೆ. ಎರಡನೇ ಮಹಾಯುದ್ಧದಲ್ಲಿ ರೋಡ್ಸ್ ದ್ವೀಪದಲ್ಲಿ ಸೇನೆಯ ವಾಹನ ರಿಪೇರಿ ಮಾಡಿದರು. ಕೊನೆಗೆ ಬ್ರಿಟಿಷರ ಸೆರೆಯಾಳೂ ಆದರು.

ಊರಿಗೆ ಮರಳಿದಾಗ ರೈತರಿಗೆ ಟ್ರ್ಯಾಕ್ಟರ್ ಬೇಕಿತ್ತು, ಕೈಯಲ್ಲಿ ದುಡ್ಡಿರಲಿಲ್ಲ. ಸೇನೆಗೆ ಬೇಡವಾದ ಹಳೇ ಗಾಡಿಗಳು ಅಗ್ಗಕ್ಕೆ ಸಿಗುತ್ತಿದ್ದವು. ಫೆರುಚ್ಚೊ ಅವುಗಳನ್ನು ಬಿಚ್ಚಿ, ಎಂಜಿನ್, ಗೇರ್‌ಬಾಕ್ಸ್ ಜೋಡಿಸಿ ಟ್ರ್ಯಾಕ್ಟರ್ ಮಾಡಿದರು. ಪೆಟ್ರೋಲ್ ದುಬಾರಿ. ಅದಕ್ಕೂ ದಾರಿ ಹುಡುಕಿದರು. ಎಂಜಿನ್ ಚಾಲೂ ಮಾಡುವಾಗ ಮಾತ್ರ ಪೆಟ್ರೋಲ್. ಬಿಸಿಯಾದ ಮೇಲೆ ಅಗ್ಗದ ಡೀಸೆಲ್. ಡೀಸೆಲನ್ನು ಆವಿ ಮಾಡಿ ಎಂಜಿನ್‌ಗೆ ಕೊಡುವ ಸಾಧನವನ್ನು ತಾವೇ ರೂಪಿಸಿದರು. ರೈತನ ಜೇಬು ಬಲ್ಲವರಿಗೆ ಮಾತ್ರ ಹೊಳೆಯುವ ಉಪಾಯ ಇದು. 1948ರಲ್ಲಿ ಟ್ರ್ಯಾಕ್ಟರ್ ಕಂಪನಿ ಶುರುವಾಯಿತು.

ದುಡ್ಡು ಬಂದ ಮೇಲೆ ಫೆರಾರಿ ಕಾರೂ ಮನೆಗೆ ಬಂತು. ಅದರ ಕ್ಲಚ್ ಪದೇ ಪದೇ ಕೈಕೊಡುತ್ತಿತ್ತು. ದೂರು ಹೇಳಲು ಹೋದಾಗ ಆ ಕಂಪನಿ ಕಟ್ಟಿದ ಎಂಜೊ ಫೆರಾರಿ, ನಿಮಗೆ ಟ್ರ್ಯಾಕ್ಟರ್ ಓಡಿಸುವುದಷ್ಟೇ ಗೊತ್ತು ಎಂದು ಹೀಯಾಳಿಸಿದರಂತೆ. ಫೆರುಚ್ಚೊ ಅವರೇ ಹೇಳಿಕೊಂಡ ಕತೆ ಇದು. ಆದರೆ ಬರೀ ಸಿಟ್ಟಿನಿಂದ ಕಾರ್ಖಾನೆ ಏಳುವುದಿಲ್ಲ. ಅವರಿಗೆ ರೇಸ್ ಬೇಕಿರಲಿಲ್ಲ. ದೂರದ ದಾರಿಯನ್ನು ವೇಗವಾಗಿ, ಆರಾಮಾಗಿ ಮುಟ್ಟಿಸುವ, ಕೈಕೊಡದ ಕಾರು ಬೇಕಿತ್ತು.

1963ರಲ್ಲಿ ಸಾಂತಾಗಾತಾ ಬೊಲೊನ್ಯೇಸೆ ಎಂಬ ಸಣ್ಣ ಊರಿನಲ್ಲಿ ಕಾರ್ಖಾನೆ ಎದ್ದಿತು. ಹನ್ನೆರಡು ಸಿಲಿಂಡರಿನ ಎಂಜಿನ್ ರೂಪಿಸಿದವರು ಮೊದಲು ಫೆರಾರಿಯಲ್ಲಿದ್ದ ಜೊತ್ತೊ ಬಿಜ್ಜಾರಿನಿ. ಅದೇ ವರ್ಷ ಟ್ಯೂರಿನ್ ಪ್ರದರ್ಶನಕ್ಕೆ ಮೊದಲ ಕಾರು ಹೋಗಬೇಕು. ನೋಡಿದರೆ ಎಂಜಿನ್ ಬಾನೆಟ್ ಒಳಗೆ ಹಿಡಿಸುತ್ತಲೇ ಇಲ್ಲ! ಎಂಜಿನ್ ಇಲ್ಲದಿದ್ದರೆ ಕಾರಿನ ಮೂತಿ ಮೇಲಕ್ಕೆ ಎದ್ದುಬಿಡುತ್ತದೆ. ಆಗ ಎಂಜಿನ್ ಜಾಗದಲ್ಲಿ ಟೈಲ್ಸ್ ತುಂಬಿ ತೂಕ ಸರಿಮಾಡಿದರು. ಪ್ರದರ್ಶನ ಮುಗಿಯುವವರೆಗೂ ಬಾನೆಟ್ ತೆಗೆಯಲಿಲ್ಲ. ಮರುವರ್ಷ ಬಂದ 350 ಜಿಟಿ ಎಂಬ ಕಾರು ಮಾತ್ರ ನಿಜವಾದ ಎಂಜಿನ್ ಹೊತ್ತೇ ರಸ್ತೆಗಿಳಿಯಿತು.

ನನಗೆ ಎಲ್ಲಕ್ಕಿಂತ ಇಷ್ಟ ಮಿಯುರಾ ಎಂಬ ಕಾರು ಹುಟ್ಟಿದ ಬಗೆ. ಎಂಜಿನಿಯರ್‌ಗಳಾದ ಜಾನ್ ಪಾವ್ಲೊ ದಲ್ಲಾರಾ ಮತ್ತು ಪಾವ್ಲೊ ಸ್ತಾನ್ಜಾನಿ, ಕಾರು ಓಡಿಸಿ ಪರೀಕ್ಷಿಸುತ್ತಿದ್ದ ನ್ಯೂಜಿಲೆಂಡಿನ ಬಾಬ್ ವಾಲೇಸ್, ಮೂವರೂ ಇಪ್ಪತ್ತರ ಹರೆಯದವರು. ಹಗಲು ಕಂಪನಿ ಕೆಲಸ, ರಾತ್ರಿ ತಮ್ಮ ಕನಸಿನ ಕಾರು. ಎಂಜಿನ್ನನ್ನು ಸೀಟಿನ ಹಿಂದೆ, ಅದೂ ಅಡ್ಡಕ್ಕೆ ಕೂರಿಸಿದರು. ಜಾಗ ಉಳಿಸಲು ಗೇರ್‌ಬಾಕ್ಸನ್ನೂ ಎಂಜಿನ್ ಜೊತೆಯಲ್ಲೇ ಎರಕ ಹೊಯ್ದರು. 1965ರಲ್ಲಿ ಟ್ಯೂರಿನ್‌ನಲ್ಲಿ ತೋರಿಸಿದ್ದು ಬರೀ ಷಾಸಿ, ಅಂದರೆ ಕಾರಿನ ಅಡಿಚೌಕಟ್ಟು. ಮೈಯೇ ಇಲ್ಲದ ಆ ಕಾರಿಗೆ ಕೆಲವರು ಅಲ್ಲೇ ಆರ್ಡರ್ ಕೊಟ್ಟರು! ಮುಂದೆ ಬೆರ್ತೊನೆ ಸಂಸ್ಥೆಯ ಮಾರ್ಚೆಲ್ಲೊ ಗಾಂದಿನಿ ಅದಕ್ಕೆ ರೂಪ ಕೊಟ್ಟರು. 1966ರ ಜಿನೀವಾ ಪ್ರದರ್ಶನದಲ್ಲಿ ಜನ ಅದರ ಸುತ್ತ ಮುಗಿಬಿದ್ದರು. ಮಿಯುರಾ ಅನ್ನುವುದು ಕಾಳಗದ ಗೂಳಿ ಸಾಕುತ್ತಿದ್ದ ಸ್ಪೇನಿನ ಮನೆತನದ ಹೆಸರು. ಫೆರುಚ್ಚೊ ಅವರದು ವೃಷಭ ರಾಶಿ. ಹಾಗಾಗಿ ಲಾಂಛನವೂ ಗೂಳಿಯೇ.

ಎಪ್ಪತ್ತರ ದಶಕ ಕಷ್ಟದ್ದು. ಟ್ರ್ಯಾಕ್ಟರ್ ವ್ಯಾಪಾರಕ್ಕೆ ಪೆಟ್ಟು ಬಿತ್ತು, ತೈಲದ ಬಿಕ್ಕಟ್ಟೂ ಬಂತು. ಫೆರುಚ್ಚೊ 1972ರಲ್ಲಿ ಕಾರು ಕಂಪನಿಯ ಹೆಚ್ಚಿನ ಪಾಲು ಮಾರಿದರು. ಎರಡು ವರ್ಷದಲ್ಲಿ ಉಳಿದದ್ದನ್ನೂ ಬಿಟ್ಟು, ಉಂಬ್ರಿಯಾಕ್ಕೆ ಹೋಗಿ ದ್ರಾಕ್ಷಿ ಬೆಳೆದು ವೈನ್ ಮಾಡಿದರು. 1993ರಲ್ಲಿ ತೀರಿಕೊಂಡರು. ಟ್ರ್ಯಾಕ್ಟರ್ ಕಂಪನಿ ಬೇರೆಯವರ ಪಾಲಾಯಿತು. ಕಾರು ಕಂಪನಿ 1978ರಲ್ಲಿ ದಿವಾಳಿ ಎದ್ದಿತು, ಕೈಯಿಂದ ಕೈಗೆ ದಾಟಿತು. 1987ರಲ್ಲಿ ಅಮೆರಿಕದ ಕ್ರೈಸ್ಲರ್ ಕೈಗೆ, 1994ರಲ್ಲಿ ಇಂಡೋನೇಷ್ಯಾದವರ ಕೈಗೆ, 1998ರಲ್ಲಿ ಜರ್ಮನಿಯ ಔಡಿ ಕೈಗೆ. ಕಾರು ತಯಾರಾಗುವುದು ಮಾತ್ರ ಇಂದಿಗೂ ಸಾಂತಾಗಾತಾದಲ್ಲೇ.

ಇನ್ನೊಂದು ವಿಷಯ ಹೇಳಲೇಬೇಕು. 2004ರಲ್ಲಿ ಇಟಲಿಯ ಪೊಲೀಸರಿಗೆ ಲ್ಯಾಂಬೋರ್ಗಿನಿಯ ಗಲ್ಲಾರ್ದೊ ಕಾರು ಸಿಕ್ಕಿತು. ಅದರ ಮುಂದಿನ ಡಿಕ್ಕಿಯಲ್ಲಿ ತಂಪು ಪೆಟ್ಟಿಗೆ ಇಟ್ಟು, ಕಸಿಗೆ ಬೇಕಾದ ಮನುಷ್ಯನ ಅಂಗಾಂಗಗಳನ್ನು ಒಂದು ಊರಿನ ಆಸ್ಪತ್ರೆಯಿಂದ ಇನ್ನೊಂದು ಊರಿಗೆ ಸಾಗಿಸತೊಡಗಿದರು. ಮುಂದೆ ಬಂದ ಉರಾಕಾನ್ ಕಾರೂ ಪೊಲೀಸರ ಕೈಯಲ್ಲಿ ಇದೇ ಕೆಲಸ ಮಾಡಿದೆ.

ನಮಸ್ಕಾರ.