ಪರದೆ ಬಿದ್ದ ಮೇಲಿನ ಹೊತ್ತು

ಎಲ್ಲರಿಗೂ ನಮಸ್ಕಾರ.

ಒಂದು ಲೆಕ್ಕದಿಂದ ಶುರು ಮಾಡುತ್ತೇನೆ. ನಿಮ್ಮ ಮುಂದಿನ ಕಾರ್ಯಕ್ರಮ ಎಷ್ಟು ಹೊತ್ತಿನದು? ಎರಡು ಗಂಟೆ ಅನ್ನುತ್ತೀರಿ. ಡೈರಿಯಲ್ಲೂ ಹಾಗೇ ಬರೆದಿರುತ್ತೀರಿ, ಸಂಜೆ ಏಳರಿಂದ ಒಂಬತ್ತು ಅಂತ. ಈಗ ಪೂರ್ತಿ ಲೆಕ್ಕ ಹಾಕೋಣ. ಪ್ರಯಾಣ, ಸೌಂಡ್ ಚೆಕ್, ಮೇಕಪ್, ಮೈಯನ್ನೂ ದನಿಯನ್ನೂ ಹದ ಮಾಡಿಕೊಳ್ಳುವುದು. ಆಮೇಲೆ ಶೋ. ಅದಾದ ಮೇಲೆ ಬಂದವರ ಜೊತೆ ಮಾತು, ಫೋಟೊ, ಸಾಮಾನು ಕಟ್ಟುವುದು, ವಾಪಸ್ ಪ್ರಯಾಣ, ಹೊತ್ತು ಮೀರಿದ ಊಟ. ಹಾಸಿಗೆಗೆ ಬಿದ್ದರೂ ನಿದ್ದೆ ಹತ್ತುವುದಿಲ್ಲ. ತಪ್ಪಿಹೋದ ಒಂದು ಸಾಲು ತಲೆಯಲ್ಲಿ ಸುತ್ತುತ್ತಲೇ ಇರುತ್ತದೆ. ಮಾರನೆಯ ದಿನ ಮಧ್ಯಾಹ್ನದವರೆಗೆ ಮೈ ಎದ್ದೇಳುವುದಿಲ್ಲ. ನನ್ನ ಲೆಕ್ಕದಲ್ಲಿ ಎರಡು ಗಂಟೆಯ ಶೋ ಅಂದರೆ ಒಂದೂವರೆ ದಿನ.

ಡೈರಿಯಲ್ಲಿ ಮಾತ್ರ ಎರಡೇ ಗಂಟೆ. ಉಳಿದ ಹೊತ್ತು ಎಲ್ಲಿಂದ ಬರುತ್ತದೆ? ನಿದ್ದೆಯಿಂದ, ಊಟದಿಂದ, ಡಾಕ್ಟರ ಹತ್ತಿರ ಹೋಗಬೇಕಿದ್ದ ಒಂದು ಬೆಳಿಗ್ಗೆಯಿಂದ. ಕಲಾವಿದರ ಆರೋಗ್ಯ ಕೆಡುವುದು ಹೆಚ್ಚಾಗಿ ಈ ತಪ್ಪು ಲೆಕ್ಕದಿಂದ ಅಂತ ನನಗೆ ಈಗ ಗಟ್ಟಿಯಾಗಿ ಅನ್ನಿಸಿದೆ. ಇದನ್ನು ನಾನು ಕಲಿತ ದಿನದ ಬಗ್ಗೆ ಹೇಳುತ್ತೇನೆ.

ನಾನು ನಾಟಕಗಳಲ್ಲಿ ಹಾಡುತ್ತೇನೆ, ಅಭಿನಯಿಸುತ್ತೇನೆ. ಒಂದು ಸಲ ಆರು ದಿನದಲ್ಲಿ ಐದು ಶೋ ಒಪ್ಪಿಕೊಂಡಿದ್ದೆ. ಮೂರನೆಯ ದಿನ ಗಂಟಲು ಕಟ್ಟಿತು. ಟಿಕೆಟ್ ಮಾರಾಟವಾಗಿತ್ತು. 'ಏನಾಗಿಲ್ಲ, ನಡೆಯುತ್ತೆ' ಅಂದೆ. ನೋವಿನ ಮಾತ್ರೆ ನುಂಗಿ, ಬಿಸಿನೀರು ಕುಡಿದು ವೇದಿಕೆ ಹತ್ತಿದೆ. ಐದನೆಯ ಶೋದ ಕೊನೆಯ ಭಾಗದಲ್ಲಿ ಮೇಲಿನ ಸ್ವರಕ್ಕೆ ಹೋದೆ, ದನಿ ಫಕ್ಕನೆ ನಿಂತುಹೋಯಿತು. ನೋವೇ ಇರಲಿಲ್ಲ. ಬಾಯಿ ತೆರೆದಿತ್ತು, ಬರೀ ಗಾಳಿ ಬರುತ್ತಿತ್ತು.

ಮಾರನೆಯ ದಿನ ಇಎನ್‌ಟಿ ಡಾಕ್ಟರ್ ಸಣ್ಣ ಕ್ಯಾಮೆರಾ ಹಾಕಿ ಪರದೆಯ ಮೇಲೆ ತೋರಿಸಿದರು. ಗಂಟಲೊಳಗೆ ದನಿ ಹುಟ್ಟಿಸುವ ಎರಡು ಧ್ವನಿ ತಂತುಗಳಲ್ಲಿ ಒಂದು ಬೆಳ್ಳಗಿತ್ತು, ಇನ್ನೊಂದು ಪೂರ್ತಿ ಕೆಂಪು. ಒಳಗಿನ ಸಣ್ಣ ರಕ್ತನಾಳ ಒಡೆದಿತ್ತು. ಒಂದು ವಾರ ಒಂದೇ ಒಂದು ಮಾತೂ ಆಡಬಾರದು ಅಂದರು. ಮತ್ತೆ ಹಾಡುವ ಹೊತ್ತಿಗೆ ಮೂರು ತಿಂಗಳಾಯಿತು. ನಾನು ನುಂಗಿದ್ದು ಯಾವ ಮಾತ್ರೆ ಅಂತಲೂ ಕೇಳಿದರು. ಆಸ್ಪಿರಿನ್, ಐಬುಪ್ರೊಫೆನ್ ತರಹದ ಮಾತ್ರೆಗಳು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ, ಜೊತೆಗೆ ನೋವನ್ನೂ ಮುಚ್ಚಿಬಿಡುತ್ತವೆ. ದನಿ ದಣಿದಿರುವಾಗ ಎರಡೂ ಅಪಾಯ. ಆಮೇಲೆ ಅವರು ಕೇಳಿದ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ: 'ಗಂಟಲು ಭಾರ ಅಂತ ಮೊದಲ ಸಲ ಅನ್ನಿಸಿದ್ದು ಯಾವಾಗ?' ಯೋಚಿಸಿ ನೋಡಿದೆ. ಮೂರು ವಾರ ಮೊದಲೇ ಅನ್ನಿಸಿತ್ತು.

ಧ್ವನಿ ತಂತು ಎಷ್ಟು ಸಣ್ಣದು ಅಂತ ಗೊತ್ತಾ? ದೊಡ್ಡವರಲ್ಲಿ ಸುಮಾರು ಒಂದೂಕಾಲರಿಂದ ಎರಡೂವರೆ ಸೆಂಟಿಮೀಟರ್. ಮಧ್ಯಮ ಎತ್ತರದ ಒಂದು ಸ್ವರ, ಶ್ರುತಿ ಹೊಂದಿಸಲು ಬಳಸುವ 440 ಹರ್ಟ್ಸ್, ಅದನ್ನು ಹಿಡಿದರೆ ಆ ಎರಡು ತಂತುಗಳು ಒಂದು ಸೆಕೆಂಡಿಗೆ 440 ಸಲ ಒಂದಕ್ಕೊಂದು ತಾಗುತ್ತವೆ. ಒಂದು ನಿಮಿಷಕ್ಕೆ 26,400 ಸಲ. ಇದರ ಮೇಲೆ ಶೋ ಆದ ಮೇಲಿನ ಗದ್ದಲದಲ್ಲಿ ಅರ್ಧ ಗಂಟೆ ಕೂಗಿ ಮಾತಾಡುತ್ತೇವೆ. ಹಾಡಿದ್ದಕ್ಕಿಂತ ಆ ಮಾತೇ ಜಾಸ್ತಿ ಕೆಡಿಸುವುದುಂಟು. ದಣಿದ ತಂತುಗಳು ಮತ್ತೆ ಮತ್ತೆ ಜೋರಾಗಿ ತಾಗಿದ ಕಡೆ ಮೊದಲು ಊತ ಬರುತ್ತದೆ. ಬಿಡುವು ಸಿಗದಿದ್ದರೆ ಅದೇ ಗಟ್ಟಿಯಾಗಿ ಗಂಟು ಕಟ್ಟುತ್ತದೆ. ಶುರುವಿನಲ್ಲೇ ಡಾಕ್ಟರ ಹತ್ತಿರ ಹೋದರೆ ಆ ಗಂಟು ಹೆಚ್ಚಿನವರಲ್ಲಿ ವಾಯ್ಸ್ ಥೆರಪಿಯಿಂದಲೇ, ಅಂದರೆ ದನಿಯನ್ನು ಸರಿಯಾಗಿ ಬಳಸಲು ಕಲಿಸುವ ಚಿಕಿತ್ಸೆಯಿಂದಲೇ, ಕರಗುತ್ತದೆ, ಆಪರೇಷನ್ ಬೇಕಾಗುವುದಿಲ್ಲ. ತಡ ಮಾಡಿದರೆ ದಾರಿ ಉದ್ದವಾಗುತ್ತದೆ.

ನಮ್ಮಲ್ಲಿ ಕೆಲವು ತಪ್ಪು ನಂಬಿಕೆಗಳಿವೆ. ಕುಡಿದ ನೀರು ಧ್ವನಿ ತಂತುವನ್ನು ನೆನೆಸುತ್ತದೆ ಅಂದುಕೊಳ್ಳುತ್ತೇವೆ. ನೀರು ಹೋಗುವುದು ಅನ್ನನಾಳಕ್ಕೆ, ತಂತು ಇರುವುದು ಉಸಿರಿನ ದಾರಿಯಲ್ಲಿ. ಕುಡಿದದ್ದು ಮೈಯೆಲ್ಲ ಸುತ್ತಿ ಅಲ್ಲಿಗೆ ತಲುಪಬೇಕು. ಹಾಗಾಗಿ ಸಂಜೆ ಏಳರ ಶೋಗೆ ಆರೂ ಮುಕ್ಕಾಲಿಗೆ ಗಟಗಟ ಕುಡಿದು ಪ್ರಯೋಜನವಿಲ್ಲ, ಬೆಳಿಗ್ಗೆಯಿಂದಲೇ ಸ್ವಲ್ಪ ಸ್ವಲ್ಪ ಕುಡಿಯುತ್ತಿರಬೇಕು. ನೇರವಾಗಿ ತಂತುವನ್ನು ಮುಟ್ಟುವುದು ಹಬೆ ಮಾತ್ರ. ಇನ್ನು ದನಿ ಕೆಟ್ಟಾಗ ಪಿಸುಗುಡುವುದು. ಅದು ವಿಶ್ರಾಂತಿ ಅಂತ ಅನ್ನಿಸುತ್ತದೆ, ಆದರೆ ಹಲವರು ಪಿಸುಗುಡುವಾಗ ಗಂಟಲನ್ನು ಬಿಗಿ ಹಿಡಿಯುತ್ತಾರೆ. ವಿಶ್ರಾಂತಿ ಬೇಕಾದರೆ ಸುಮ್ಮನಿರಬೇಕು. ಪದೇ ಪದೇ ಗಂಟಲು ಕೆರೆದು ಸರಿ ಮಾಡಿಕೊಳ್ಳುವುದೂ ತಂತುಗಳಿಗೆ ಪೆಟ್ಟೇ. ಒಂದು ಗುಟುಕು ನೀರು ನುಂಗಿ, ಸಾಕು.

ಮೂರು ವಾರ ಆದರೂ ದನಿ ಒಡಕಾಗಿದ್ದರೆ ಯಾರೇ ಆಗಲಿ ಡಾಕ್ಟರ ಹತ್ತಿರ ಹೋಗಲೇಬೇಕು. ದನಿಯಿಂದಲೇ ಬದುಕುವವರು ಅಷ್ಟು ದಿನ ಕಾಯಬೇಡಿ. ಹಾಡುವಾಗ ದನಿ ಥಟ್ಟನೆ ಹೋದರೆ ಅಲ್ಲೇ ನಿಲ್ಲಿಸಿ, ಬಾಯಿ ಮುಚ್ಚಿ, ಬೇಗ ತೋರಿಸಿ. ಗಂಟಲೊಳಗೆ ನೋಡಲು ಹೆದರುವವರಿಗೆ ಒಂದು ಸಂಗತಿ ಹೇಳಬೇಕು. ಹಾಡುವಾಗ ತಂತುಗಳು ಹೇಗೆ ಆಡುತ್ತವೆ ಅಂತ ಕನ್ನಡಿಯಿಂದ ಕಂಡುಕೊಂಡು 1855ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟವರು ಒಬ್ಬ ಹಾಡಿನ ಮೇಷ್ಟ್ರು, ಮ್ಯಾನುಯೆಲ್ ಗಾರ್ಸಿಯಾ. ಅದರ ಹಿಂದಿನ ವರ್ಷ ಅವರು ಒಂದು ಪುಟ್ಟ ಕನ್ನಡಿ ಮತ್ತು ಬಿಸಿಲಿನ ಬೆಳಕಿನಲ್ಲಿ ತಮ್ಮದೇ ಗಂಟಲೊಳಗೆ ನೋಡಿಕೊಂಡಿದ್ದರು. ತನ್ನ ಉಪಕರಣ ಹೇಗಿದೆ ಅಂತ ನೋಡಬೇಕೆಂಬ ಆಸೆ ಮೊದಲಿನಿಂದಲೂ ನಮ್ಮ ಕಸುಬಿನವರದ್ದೇ. ಅದನ್ನು ನೆನೆದಾಗಲೆಲ್ಲ ನನಗೆ ಧೈರ್ಯ ಬರುತ್ತದೆ.

ಈಗ ಪರದೆ ಬಿದ್ದ ಮೇಲಿನ ಹೊತ್ತಿಗೆ ಬರೋಣ. ನನ್ನ ಅನುಭವದಲ್ಲಿ ಅಲ್ಲೇ ಎಲ್ಲ ಕೆಡುವುದು. ವೇದಿಕೆಯ ಮೇಲೆ ಮೈ ತುಂಬ ಅಡ್ರಿನಲಿನ್ ಇರುತ್ತದೆ. ಎದೆಬಡಿತ ಏರಿರುತ್ತದೆ. ಲೈಟ್ ಆರಿಸಿದ ಕೂಡಲೇ ಅದು ಇಳಿಯುವುದಿಲ್ಲ. ಹಸಿವು ಆಗಲೇ ಗೊತ್ತಾಗುವುದು. ಹೊಟ್ಟೆ ಬಿರಿಯುವಷ್ಟು ಉಂಡು, ಹಾಗೇ ಮಲಗುತ್ತೇವೆ. ಮಲಗಿದಾಗ ಹೊಟ್ಟೆಯ ಆಮ್ಲ ಮೇಲೇರಿ ಗಂಟಲನ್ನು ಸುಡುತ್ತದೆ. ಎದೆ ಉರಿಯದೆಯೂ ಇದು ಆಗಬಹುದು. ಬೆಳಿಗ್ಗೆ ದನಿ ಗಡಸಾಗಿದೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಿದೆ ಅನ್ನುವವರು ಇದನ್ನು ಒಮ್ಮೆ ಪರೀಕ್ಷಿಸಿಕೊಳ್ಳಿ. ನಾನು ಈಗ ಮುಖ್ಯ ಊಟವನ್ನು ಶೋಗೆ ಮೂರು ಗಂಟೆ ಮೊದಲು ಮಾಡುತ್ತೇನೆ. ಆಮೇಲೆ ಸ್ವಲ್ಪ ಮಾತ್ರ ತಿಂದು, ಎರಡು ಗಂಟೆ ಬಿಟ್ಟು ಮಲಗುತ್ತೇನೆ. ಹೇಗೂ ನಿದ್ದೆ ಬರದ ಹೊತ್ತು ಅದು. ಫೋನ್ ದೂರ ಇಟ್ಟು, ಮಂದ ಬೆಳಕಿನಲ್ಲಿ ಕೂತು ಮೈ ಸಡಿಲ ಬಿಡುತ್ತೇನೆ. ಆ ರಾತ್ರಿಯೇ ರೆಕಾರ್ಡಿಂಗ್ ನೋಡುವುದನ್ನು ಬಿಟ್ಟಿದ್ದೇನೆ. ತಪ್ಪು ನಾಳೆಯೂ ಅಲ್ಲೇ ಇರುತ್ತದೆ.

ದೊಡ್ಡವರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ದೆ ಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಕಲಾವಿದರಿಗೆ ಅದರಲ್ಲಿ ಇನ್ನೊಂದು ಲಾಭವಿದೆ. ಹಗಲು ಕಲಿತ ಬೆರಳಿನ ಓಟ, ಹೆಜ್ಜೆಯ ಜೋಡಣೆ ನಿದ್ದೆಯಲ್ಲಿ ಮಿದುಳಿನಲ್ಲಿ ಗಟ್ಟಿಯಾಗುತ್ತದೆ. ರಾತ್ರಿ ತಡವರಿಸಿದ ಭಾಗ ಬೆಳಿಗ್ಗೆ ಸಲೀಸಾಗಿ ಬಂದದ್ದು ನಿಮಗೂ ಅನುಭವವಿದೆ, ಅಲ್ವಾ? ನಿದ್ದೆ ಕೆಟ್ಟು ಮಾಡಿದ ತಾಲೀಮು ಅರ್ಧ ಸೋರಿಹೋಗುತ್ತದೆ.

ವಾದ್ಯ ನುಡಿಸುವವರು ಕೈ ನೋವನ್ನು ಅಭ್ಯಾಸದ ಗುರುತು ಅಂತ ಹೆಮ್ಮೆಯಿಂದ ಹೇಳುವುದನ್ನು ಕೇಳಿದ್ದೇನೆ. ದಯವಿಟ್ಟು ಹಾಗೆ ಹೇಳಬೇಡಿ. ದಿನಕ್ಕೆ ಒಂದು ಗಂಟೆ ನುಡಿಸುತ್ತಿದ್ದವರು ಕಾರ್ಯಕ್ರಮ ಹತ್ತಿರ ಬಂತೆಂದು ಒಮ್ಮೆಗೇ ಐದು ಗಂಟೆಗೆ ಏರಿದಾಗಲೇ ಹೆಚ್ಚಿನ ಪೆಟ್ಟು ಬೀಳುವುದು. ಅರ್ಧ ಗಂಟೆಗೊಮ್ಮೆ ಐದು ನಿಮಿಷ ವಾದ್ಯ ಕೆಳಗಿಡಿ. ಬೆರಳು ಜುಮ್ಮೆನ್ನುವುದು, ಮರಗಟ್ಟುವುದು ನರಕ್ಕೆ ಸಂಬಂಧಿಸಿದ್ದು, ಅದು ಕಂಡರೆ ಕಾಯದೆ ಡಾಕ್ಟರಿಗೆ ತೋರಿಸಿ. ಅಮೆರಿಕದ ಪಿಯಾನೊ ವಾದಕ ಲಿಯಾನ್ ಫ್ಲೈಷರ್ ಅವರಿಗೆ 1960ರ ದಶಕದ ಮಧ್ಯದಲ್ಲಿ, ಖ್ಯಾತಿಯ ತುದಿಯಲ್ಲಿದ್ದಾಗ, ಬಲಗೈಯ ಕೊನೆಯ ಎರಡು ಬೆರಳು ತಾವಾಗಿ ಒಳಕ್ಕೆ ಮಡಚಿಕೊಳ್ಳತೊಡಗಿದವು. ಫೋಕಲ್ ಡಿಸ್ಟೋನಿಯಾ ಅನ್ನುವ ತೊಂದರೆ ಅದು. ಇದರಲ್ಲಿ ಕೈಯನ್ನು ಆಡಿಸುವ ಮಿದುಳಿನ ಲೆಕ್ಕವೇ ಹದ ತಪ್ಪುತ್ತದೆ. ಅವರು ಎಡಗೈಯಿಂದ ನುಡಿಸಿದರು, ಪಾಠ ಮಾಡಿದರು, ವಾದ್ಯವೃಂದ ನಡೆಸಿದರು. ಬೊಟಾಕ್ಸ್ ಚುಚ್ಚುಮದ್ದು ಮತ್ತಿತರ ಚಿಕಿತ್ಸೆಯಿಂದ ಎರಡೂ ಕೈಯಲ್ಲಿ ಮತ್ತೆ ನುಡಿಸುವಷ್ಟಾಗಲು ಸುಮಾರು ಮೂವತ್ತು ವರ್ಷ ಹಿಡಿಯಿತು.

ನೃತ್ಯದವರಿಗೆ ಒಂದೇ ಮಾತು, ಆದರೆ ಬಹಳ ಮುಖ್ಯವಾದದ್ದು. ತೆಳ್ಳಗಿರಬೇಕೆಂದು ಊಟ ಬಿಟ್ಟು ಕುಣಿದರೆ ಮೈ ಮೂಳೆಯಿಂದ ಸಾಲ ತೆಗೆಯುತ್ತದೆ. ತಿನ್ನುವುದು ದುಡಿಮೆಗೆ ಸಾಲದಾದಾಗ ಆಗುವ ಈ ತೊಂದರೆಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ರೆಡ್-ಎಸ್ ಅಂತ ಹೆಸರಿಟ್ಟಿತು. ಮುಟ್ಟು ನಿಲ್ಲುವುದು ಕಷ್ಟಪಟ್ಟು ಅಭ್ಯಾಸ ಮಾಡಿದ್ದರ ಲಕ್ಷಣ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅದು ಎಚ್ಚರಿಕೆ. ಮೂಳೆಯ ಮೇಲೆ ಒಂದೇ ಜಾಗದಲ್ಲಿ ಬೆರಳಿಟ್ಟು ತೋರಿಸುವಂಥ ನೋವಿದ್ದರೆ ಅದು ಕೂದಲೆಳೆ ಬಿರುಕಾಗಿರಬಹುದು. ಅದರ ಮೇಲೆ ಕುಣಿಯಬಾರದು.

ಕಿವಿಯ ಬಗ್ಗೆ ನಾವು ಮಾತೇ ಆಡುವುದಿಲ್ಲ. ಕೆಲಸದ ಜಾಗದ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ಎನ್‌ಐಒಎಸ್‌ಎಚ್ ಸಂಸ್ಥೆಯ ಸಲಹೆಯ ಪ್ರಕಾರ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಸದ್ದು 3 ಡೆಸಿಬಲ್ ಏರಿದಂತೆಲ್ಲ ಹೊತ್ತು ಅರ್ಧವಾಗುತ್ತದೆ. 94ಕ್ಕೆ ಒಂದು ಗಂಟೆ, 100ಕ್ಕೆ ಬರೀ 15 ನಿಮಿಷ. ವೇದಿಕೆಯ ಮೇಲಿನ ಜೋರಾದ ಮಾನಿಟರ್ ಸ್ಪೀಕರ್ ಪಕ್ಕ ನಿಂತು ಎರಡು ಗಂಟೆ ನುಡಿಸುವವರು ಇದನ್ನು ಯೋಚಿಸಿ. ಒಳಕಿವಿಯ ಸೂಕ್ಷ್ಮ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಸಂಗೀತಗಾರರಿಗೆಂದೇ ಮಾಡಿದ ಇಯರ್‌ಪ್ಲಗ್‌ಗಳು ಎಲ್ಲ ಸ್ವರಗಳನ್ನೂ ಹೆಚ್ಚುಕಮ್ಮಿ ಸಮನಾಗಿ ತಗ್ಗಿಸುತ್ತವೆ, ಸಂಗೀತ ಮಂಕಾಗುವುದಿಲ್ಲ.

ವೇದಿಕೆಯ ಭಯಕ್ಕೆ ಜೊತೆಯವರಿಂದ ಮಾತ್ರೆ ಇಸಿದುಕೊಂಡು ನುಂಗುವವರಿದ್ದಾರೆ. ಕೈ ನಡುಕ ನಿಲ್ಲಿಸುವ ಪ್ರೊಪ್ರನಲಾಲ್ ಆಸ್ತಮಾ ಇರುವವರ ಉಸಿರಿಗೇ ಸಂಚಕಾರ ತರಬಹುದು. ಡಾಕ್ಟರ್ ಬರೆದುಕೊಡದೆ ಅದನ್ನು ಮುಟ್ಟಬೇಡಿ.

ಇಷ್ಟೆಲ್ಲ ಕೇಳಿ ನಿಮ್ಮಲ್ಲಿ ಕೆಲವರು ಯೋಚಿಸುತ್ತಿರುತ್ತೀರಿ: ಶೋ ಬಿಟ್ಟರೆ ದುಡ್ಡು ಯಾರು ಕೊಡುತ್ತಾರೆ? ಆ ಮಾತು ನಿಜ. ಒಂದು ಸಲ ಬೇಡ ಅಂದರೆ ಮತ್ತೆ ಕರೆಯುವುದಿಲ್ಲ ಅನ್ನುವ ಭಯ ನನಗೂ ಇತ್ತು, ಈಗಲೂ ಪೂರ್ತಿ ಹೋಗಿಲ್ಲ. ಹಾಗಾಗಿ ಬಿಡುವು ತೆಗೆದುಕೊಳ್ಳಿ ಅಂತ ಕಲಾವಿದರಿಗೆ ಮಾತ್ರ ಹೇಳಿದರೆ ಅದು ಅನ್ಯಾಯ. ತಂಡ ನಡೆಸುವವರೂ ಇಲ್ಲಿ ಕೂತಿದ್ದೀರಿ. ನಿಮ್ಮಲ್ಲಿ ನನ್ನ ಬೇಡಿಕೆ ಇದು. ಮುಖ್ಯ ಪಾತ್ರಕ್ಕೆ ಇನ್ನೊಬ್ಬರನ್ನು ತಯಾರಿಟ್ಟುಕೊಳ್ಳಿ. ರಾತ್ರಿ ಶೋ ಆದ ಮಾರನೆಯ ಬೆಳಿಗ್ಗೆ ತಾಲೀಮು ಕರೆಯಬೇಡಿ. ನೋವಾಗುತ್ತಿದೆ ಅಂತ ಯಾರಾದರೂ ಹೇಳಿದರೆ ಮೊದಲ ಮಾತು 'ನಾಳೆ ಹೇಗೆ?' ಅನ್ನುವುದಾಗದಿರಲಿ.

ನನ್ನ ಡೈರಿಯಲ್ಲಿ ಈಗ ಪ್ರತಿ ಶೋಗೂ ಎರಡು ದಿನದ ಮನೆಗಳಲ್ಲಿ ಬಣ್ಣ ಬಳಿದಿರುತ್ತದೆ. ಮಾರನೆಯ ಬೆಳಿಗ್ಗೆ ಯಾರಿಗೂ ಇಲ್ಲ. ವರ್ಷಕ್ಕೊಮ್ಮೆ, ದನಿ ಚೆನ್ನಾಗಿರುವಾಗಲೇ, ಗಂಟಲಿನ ಚಿತ್ರ ತೆಗೆಸಿಟ್ಟುಕೊಳ್ಳುತ್ತೇನೆ. ಏನಾದರೂ ಕೆಟ್ಟಾಗ ಹೋಲಿಸಿ ನೋಡಲು ಅದು ಬೇಕು. ಮೊದಲ ವರ್ಷ ಹತ್ತಾರು ಕಡೆ 'ಆಗುವುದಿಲ್ಲ' ಅಂದೆ. ಕೆಲವರು ಬೇಜಾರು ಮಾಡಿಕೊಂಡರು, ಇಬ್ಬರು ಮತ್ತೆ ಕರೆಯಲಿಲ್ಲ. ಉಳಿದವರು ಬೇರೆ ದಿನ ಕೊಟ್ಟರು.

ಈಗ ಪ್ರಶ್ನೆಗಳಿಗೆ ಸಮಯ. ಇವತ್ತು ಗಂಟಲು ಭಾರವಾಗಿರುವವರು ಎದ್ದು ಕೇಳಬೇಡಿ. ಮುಂದಿನ ಸಾಲಿನಲ್ಲಿ ಚೀಟಿ, ಪೆನ್ನು ಇಟ್ಟಿದ್ದೇವೆ. ಬರೆದು ಕಳಿಸಿ, ನಾನೇ ಓದುತ್ತೇನೆ.